ಇಲಿ ಮರಿ ಹೊತ್ತ ಪಿಕಪ್

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆ ದುಡ್ಡಲ್ಲೇ ನಾನು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡಿದ್ದು. ಒಂದೂವರೆ ವರ್ಷ ತಕರಾರಿಲ್ಲದೆ ಓಡಿತು. ಆಮೇಲೆ ಶುರುವಾಯಿತು, ಕೀಚ್ ಕೀಚ್.

ಬೆಳಗ್ಗೆ 80 ಬಾಕ್ಸ್ ಹೇರಿಕೊಂಡು ಶ್ರೀನಿವಾಸಪುರದ ಕಡೆಯಿಂದ ಕೋಲಾರಕ್ಕೆ ಹೋಗುವಾಗ ಸದ್ದೇ ಇಲ್ಲ. ಮಂಡಿಯಲ್ಲಿ ಇಳಿಸಿ ವಾಪಸ್ ಬರುವಾಗ ಪ್ರತಿ ಹಂಪ್‌ಗೂ ಕೀಚ್. ಅದೂ ನನ್ನ ಸೀಟಿನ ಅಡಿಯಿಂದಲೇ ಬಂದ ಹಾಗೆ. ಒಂದಿನ ಪಕ್ಕದಲ್ಲಿ ಕೂತಿದ್ದ ಅಮ್ಮ, "ಇಲಿ ಮರಿ ಹಾಕೈತೆ ಕಣೋ, ಸೀಟ್ ಬಿಚ್ಚಿ ನೋಡು" ಅಂದಳು. ಬಿಚ್ಚಿಯೂ ನೋಡಿದೆ. ಸಿಕ್ಕಿದ್ದು ಎರಡು ರೂಪಾಯಿ ನಾಣ್ಯ, ಆಯುಧಪೂಜೆಯ ಒಣಗಿದ ನಿಂಬೆಹಣ್ಣು.

ಖಾಲಿ ಕ್ರೇಟ್‌ಗಳು ಒಂದಕ್ಕೊಂದು ಉಜ್ಜುತ್ತಿವೆಯೇನೋ ಅಂತ ಹಗ್ಗ ಬಿಗಿದು ಕಟ್ಟಿದೆ. ಇಲ್ಲ. ಒಂದು ಗ್ಯಾರೇಜಿನವರು ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ ಎರಡೂ ಬದಲಾಯಿಸಿ ದುಡ್ಡು ತಗೊಂಡರು. ಮನೆ ಮುಟ್ಟುವ ಮೊದಲೇ ಕೀಚ್. ಸಿಟ್ಟಲ್ಲಿ ನಾನೇ ಹಳೇ ಎಂಜಿನ್ ಆಯಿಲ್ ತಂದು ಹಿಂದಿನ ಸ್ಪ್ರಿಂಗ್ ಪಟ್ಟಿಗಳ ಮೇಲೆಲ್ಲ ಸುರಿದೆ. ಎರಡು ದಿನ ಸುಮ್ಮನಿತ್ತು. ಮೂರನೇ ದಿನಕ್ಕೆ ನಮ್ಮೂರ ಕೆಂಪು ಧೂಳೆಲ್ಲ ಅಲ್ಲೇ ಮೆತ್ತಿಕೊಂಡು ಇನ್ನೂ ಜಾಸ್ತಿ ಕಿರುಚತೊಡಗಿತು.

ಒಂದು ಸಂಜೆ ಜೋರು ಮಳೆ. ದಾರಿಯುದ್ದಕ್ಕೂ ಚಕಾರವಿಲ್ಲ. ತಾನಾಗೇ ಸರಿಹೋಯಿತು ಅಂತ ಖುಷಿಪಟ್ಟೆ. ಮಾರನೇ ದಿನ ಬಿಸಿಲು ಬಿತ್ತು, ಮತ್ತೆ ಅದೇ ರಾಗ. ಮಂಡಿ ಹತ್ತಿರ ಗಾಡಿ ಕೆಲಸ ಮಾಡುವ ಒಬ್ಬ ವಯಸ್ಸಾದ ಭಾಯ್‌ಗೆ ಇದನ್ನು ಹೇಳಿದ್ದೇ ತಡ, ಅವರು ಬೀಡಿ ಕೆಳಗಿಟ್ಟರು. "ಮಳೇಲಿ ಸುಮ್ನಿತ್ತಾ? ಹಂಗಾದ್ರೆ ರಬ್ಬರ್ರೇ ನೋಡಪ್ಪ."

ಒಂದು ನೀರಿನ ಬಾಟಲಿ ತಂದರು, ಅಷ್ಟೇ. ನನ್ನನ್ನು ಹಿಂದಿನ ಬಂಪರ್ ಮೇಲೆ ನಿಲ್ಲಿಸಿ ಕುಣಿ ಅಂದರು. ಮಂಡಿಗೆ ಬಂದವರೆಲ್ಲ ನೋಡುತ್ತಿದ್ದರು, ನಾನು ಕುಣಿದೆ. ಭಾಯ್ ಅಡಿಗೆ ನುಗ್ಗಿ ಸ್ಪ್ರಿಂಗ್ ಪಟ್ಟಿಯ ತುದಿಗಳಲ್ಲಿ ಕೂರುವ ರಬ್ಬರ್ ಬಳೆ, ಅಂದರೆ ಬುಷ್, ಒಂದೊಂದಕ್ಕೇ ನೀರು ಹಾಕುತ್ತಾ ಬಂದರು. ಬಲಗಡೆ ಮುಂದಿನದು, ಕೀಚ್. ಬಲಗಡೆ ಹಿಂದಿನದು, ಕೀಚ್. ಎಡಗಡೆ ಹಿಂದೆ, ಸ್ಪ್ರಿಂಗ್ ಪಟ್ಟಿ ಶ್ಯಾಕಲ್ ಅನ್ನೋ ಕೊಂಡಿಗೆ ಸೇರುವ ಜಾಗಕ್ಕೆ ನೀರು ಬಿತ್ತು. ಸದ್ದು ಟಪ್ ಅಂತ ನಿಂತಿತು. "ಕೈ ಇಡು ಇಲ್ಲಿ" ಅಂದರು. ನೀರು ಆರಿದ ಮೇಲೆ ಅವರ ಹುಡುಗ ಕುಣಿದ, ನಾನು ಕೈ ಇಟ್ಟೆ. ಬೆರಳಿಗೇ ಗೊತ್ತಾಗುತ್ತಿತ್ತು, ಸಣ್ಣಗೆ ಕರಕರ ಅಂತ. ಚಾಸಿ ಅಂದರೆ ಗಾಡಿಯ ಅಡಿಯಲ್ಲಿ ಉದ್ದಕ್ಕೂ ಇರೋ ಕಬ್ಬಿಣದ ಚೌಕಟ್ಟು ಅಲ್ವಾ, ಹಿಂದಿನ ಸದ್ದನ್ನು ತಂದು ನನ್ನ ಸೀಟಿನ ಕೆಳಗೆ ಬಿಡುತ್ತಿತ್ತು. ಕಿವಿ ನಂಬಿ ನಾನು ಕೆಟ್ಟೆ.

ಬಿಚ್ಚೋದೇ ದೊಡ್ಡ ಕೆಲಸವಾಯಿತು. ತುಕ್ಕು ಹಿಡಿದ ಬೋಲ್ಟ್‌ಗೆ ಡೀಸೆಲ್ ಬಿಟ್ಟು, ಕಾಯಿಸಿ, ಸುತ್ತಿಗೆಯಲ್ಲಿ ಹೊಡೆದು, ಅದು ಹೊರಗೆ ಬರುವಷ್ಟರಲ್ಲಿ ಮಧ್ಯಾಹ್ನ. ಹಳೇ ಬುಷ್ ಒಂದು ಪಕ್ಕ ಸವೆದು ಹಾಳೆಯಂತಾಗಿತ್ತು, ಇನ್ನೊಂದು ಪಕ್ಕ ಮೆತ್ತಗೆ ಉಬ್ಬಿತ್ತು. "ಇದಕ್ಕೆ ಆಯಿಲ್ ಹಾಕಿದ್ದು ಯಾರು?" ಅಂತ ಭಾಯ್ ಕೇಳಿದರು. ನಾನು ಅಂತರಗಂಗೆ ಬೆಟ್ಟದ ಕಡೆ ನೋಡಿದೆ. ಆಯಿಲ್, ಗ್ರೀಸ್ ಬಿದ್ದರೆ ರಬ್ಬರ್ ಉಬ್ಬಿ ಕೊಳೆಯುತ್ತದಂತೆ, ಹಾಕೋದಾದರೆ ಸಿಲಿಕೋನ್ ಸ್ಪ್ರೇ ಅಂದರು.

ಎರಡೂ ಕಡೆ ಹೊಸ ಬುಷ್ ಕೂರಿಸಿದರು. ಆದರೆ ಬೋಲ್ಟ್ ಪೂರ್ತಿ ಟೈಟ್ ಮಾಡಿದ್ದು ಜ್ಯಾಕ್ ಇಳಿಸಿ ಗಾಡಿ ನೆಲದ ಮೇಲೆ ಕೂತ ಮೇಲೆ. ಮೇಲೆತ್ತಿದಾಗಲೇ ಬಿಗಿದರೆ ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಮರುದಿನ ಅಮ್ಮ ಬಂದು ಕೂತಳು. ಊರು ದಾಟಿ ಮೂರು ಹಂಪ್ ಹಾರಿದ ಮೇಲೆ ಕೇಳಿದಳು: "ಇಲಿ ಎಲ್ಲಿ ಬಿಟ್ಟು ಬಂದ್ಯೋ?"