ವೈರನ್ ಒಳ್ಳೆಯವನಾ ಕೆಟ್ಟವನಾ ಅಂತ ಕೇಳೋರಿಗೆಲ್ಲ

ನಮ್ಮನೇಲಿ ಡ್ರ್ಯಾಗನ್ ಪ್ರಿನ್ಸ್ ಹುಚ್ಚು ಹಿಡಿಸಿದ್ದು ನಾನೇ, ಹಂಗಾಗಿ ಈ ಪ್ರಶ್ನೆ ಬಂದು ಬೀಳೋದೂ ನನ್ನ ತಲೆ ಮೇಲೇನೇ. ಅಕ್ಕನ ಮಗಳು ಹಾಸನದಿಂದ ಫೋನ್ ಮಾಡಿದ್ರೂ ಅದೇ, "ಮಾವ, ಸುತ್ತಿ ಬಳಸಿ ಹೇಳ್ಬೇಡ, ವೈರನ್ ಒಳ್ಳೆಯವನಾ ಕೆಟ್ಟವನಾ?" ಸಕಲೇಶಪುರದಲ್ಲಿ ಟೀ ಕುಡಿಯೋಕೆ ಕೂತ್ರೆ ಫ್ರೆಂಡ್ಸ್ ಬಾಯಲ್ಲೂ ಅದೇ, ಜೊತೆಗೆ "ನೀನ್ಯಾಕೋ ಅವನ ಪರ ವಕಾಲತ್ತು ಮಾಡ್ತೀಯ" ಅಂತ ಬೇರೆ.

ನೋಡದವರಿಗೆ ಎರಡು ಮಾತು. 2018ರಲ್ಲಿ ನೆಟ್‌ಫ್ಲಿಕ್ಸಲ್ಲಿ ಶುರುವಾಗಿ 2024ಕ್ಕೆ ಏಳು ಸೀಸನ್ ಮುಗಿಸಿದ ಅನಿಮೇಷನ್ ಸೀರೀಸ್ ಇದು. ವೈರನ್ ಅಂದ್ರೆ ಕಟೋಲಿಸ್ ರಾಜ ಹ್ಯಾರೋನ ಆಪ್ತ, ಡಾರ್ಕ್ ಮ್ಯಾಜಿಕ್ ಮಾಡೋನು, ಅಂದ್ರೆ ಮಾಯಾಶಕ್ತಿ ಇರೋ ಪ್ರಾಣಿಗಳ ಜೀವ ಹಿಂಡಿ ಮಂತ್ರ ಹಾಕೋನು.

ಎರಡನೇ ಸೀಸನ್ನಲ್ಲಿ ಒಂದು ಹಳೇ ಕಥೆ ಬರುತ್ತೆ. ಪಕ್ಕದ ಡ್ಯುರೆನ್ ರಾಜ್ಯಕ್ಕೆ ಬರಗಾಲ, ಅಲ್ಲಿನ ಇಬ್ರು ರಾಣಿಯರು ಬಂದು ಧಾನ್ಯ ಕೊಡಿ ಅಂತಾರೆ, ಕಟೋಲಿಸ್ ಕಣಜದಲ್ಲೂ ಅಷ್ಟಕ್ಕಷ್ಟೇ, ಹಂಚಿಕೊಂಡ್ರೆ ಎರಡೂ ಕಡೆ ಜನ ಹಸಿವಿಂದ ಸಾಯ್ತಾರೆ. ಆಗ ವೈರನ್ ಹೇಳ್ತಾನೆ, ಗಡಿ ದಾಟಿ ಹೋಗಿ ಮ್ಯಾಗ್ಮಾ ಟೈಟನ್ ಅನ್ನೋ ಬೆಟ್ಟದಷ್ಟು ದೊಡ್ಡ ಜೀವಿನ ಕೊಂದು ಅದರ ಹೃದಯ ತಂದ್ರೆ ಭೂಮಿ ಬೆಚ್ಚಗಾಗಿ ಬೆಳೆ ಬರುತ್ತೆ ಅಂತ. ಹ್ಯಾರೋನ ಹೆಂಡತಿ ರಾಣಿ ಸರಾಯ್ ಬೇಡ ಅಂತಾಳೆ, ಅದೇನು ಪಾಪ ಮಾಡಿತ್ತು ಅಂತ.

ಇಲ್ಲಿ ನಾನು ವೈರನ್ ಪಾರ್ಟಿ. ಬೈಕೊಳ್ಳಿ ಪರವಾಗಿಲ್ಲ. ಆಲೂರು ಸಕಲೇಶಪುರ ಕಡೆ ಕೊಯ್ಲಿಗೆ ಬಂದಿರೋ ಗದ್ದೆಗೆ ರಾತ್ರಿ ಆನೆ ಇಳಿದು ಹೋದ್ಮೇಲೆ ಬೆಳಿಗ್ಗೆ ಬದುವಿನ ಮೇಲೆ ಸುಮ್ನೆ ಕೂತಿರೋರನ್ನ ನೋಡಿದೀನಿ, ಅವರ ಮುಂದೆ ನಿಂತು ಆನೆಗೂ ಬದುಕೋ ಹಕ್ಕಿದೆ ಅನ್ನೋ ಧೈರ್ಯ ನನಗಿಲ್ಲ, ಹಾಗಂತ ಆನೆ ಕೊಲ್ಲಿ ಅನ್ನೋಕೂ ಬಾಯಿ ಬರಲ್ಲ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಲ್ಲಿ ನಮ್ಮ ಯಸಳೂರು ಕಡೆ ಕಾಡಾನೆ ಹಿಡಿಯೋಕೆ ಬಂದು ಅಲ್ಲೇ ಸತ್ತ. ನಮ್ಮ ಗದ್ದೆ, ನಮ್ಮ ತೋಟ, ಪ್ರಾಣ ಹೋಗಿದ್ದು ಅವನದು.

ಟೈಟನ್ ಕಥೆಲೂ ಹಂಗೇ. ಹೃದಯ ಬಂತು, ಜನ ಉಳಿದ್ರು, ಆದ್ರೆ ವಾಪಸ್ ಬರೋವಾಗ ಡ್ರ್ಯಾಗನ್ ರಾಜ ಮೇಲೆ ಬಿದ್ದು ಡ್ಯುರೆನ್ ರಾಣಿಯರಿಬ್ರೂ ಸತ್ರು, ಬೇಡ ಅಂದಿದ್ದ ಸರಾಯ್ ವೈರನ್ನನ್ನ ಉಳಿಸೋಕೆ ಹೋಗಿ ತಾನೂ ಸತ್ಲು. ಅವನು ಬದುಕಿ ವಾಪಸ್ ಬಂದ. ಆಗಲೂ ನಾನು ಅವನನ್ನ ಬಿಟ್ಟುಕೊಡಲಿಲ್ಲ, ರಾಣಿಯರನ್ನ ಉಳಿಸೋಕೆ ಅಂತ ಅವನೂ ವಾಪಸ್ ಓಡಿದ್ದೋನೇ.

ನಾನು ಬಿಟ್ಟಿದ್ದು ಬೇರೆ ಜಾಗದಲ್ಲಿ. ಹ್ಯಾರೋನ ಮಕ್ಕಳು, ಆ ರಾಜಕುಮಾರರು, ಜೀವಂತ ವಾಪಸ್ ಬರಬಾರದು ಅಂತ ಮಗ ಸೋರೆನ್ ಕಿವೀಲಿ ಹೇಳಿ ಕಳಿಸ್ತಾನಲ್ಲ, ಆಮೇಲೆ ಆ ಹುಡುಗ ತಂಗಿ ಕ್ಲಾಡಿಯಾ ಎದುರಿಗೇ ಅದನ್ನ ಎತ್ತಿದ್ರೆ, ನಾನು ಹಂಗೆ ಹೇಳೇ ಇಲ್ಲ, ನೀನೇ ತಪ್ಪು ತಿಳ್ಕೊಂಡೆ ಅನ್ನೋ ಥರ ತಣ್ಣಗೆ ಜಾರಿಕೊಳ್ತಾನೆ. ಅಲ್ಲಿ ಬರಗಾಲ ಇಲ್ಲ, ಹಸಿದ ಜನ ಇಲ್ಲ, ಯಾರನ್ನೂ ಉಳಿಸೋ ಲೆಕ್ಕ ಇಲ್ಲ, ತನ್ನ ಮಾನ ಉಳಿಸ್ಕೊಳ್ಳೋಕೆ ಹೆತ್ತ ಮಗನ್ನ ಸುಳ್ಳುಗಾರ ಮಾಡಿದ ಅಷ್ಟೇ. ಆ ಡ್ರ್ಯಾಗನ್ ರಾಜನ್ನ ಆಮೇಲೆ ಕೊಂದಿದ್ದಕ್ಕಿಂತ ಇದು ನನಗೆ ಜಾಸ್ತಿ ಉರೀತು. ಕೆಟ್ಟವನಾ ಅಂತ ಕೇಳ್ತೀರಲ್ಲ, ಹೌದು, ಆ ಸೀನಿಂದ ಕೆಟ್ಟವನು.

ಆದ್ರೆ ಆರನೇ ಸೀಸನ್ ಇದೆ. ಸೋಲ್ ರೆಜೆಮ್ ಅನ್ನೋ ಡ್ರ್ಯಾಗನ್ ಕಟೋಲಿಸ್‌ಗೆ ಬೆಂಕಿ ಸುರಿಯುವಾಗ ಜನರನ್ನ ಕಾಯೋಕೆ ಒಂದು ಹೃದಯ ಬೇಕು, ಈ ಸಲ ವೈರನ್ ಟೈಟನ್ ಹುಡುಕ್ಕೊಂಡು ಹೋಗಲಿಲ್ಲ, ತನ್ನದೇ ಕೊಟ್ಟ. ಅದನ್ನ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಕ್ಕನ ಮಗಳು ಇನ್ನೂ ಮೂರನೇ ಸೀಸನ್ನಲ್ಲೇ ಇದಾಳೆ. ದಯವಿಟ್ಟು ಯಾರೂ ಇದನ್ನ ಅವಳಿಗೆ ಫಾರ್ವರ್ಡ್ ಮಾಡಬೇಡಿ.