ಓದಿನ ಅಂಕ ಗಣಿತವನ್ನು ಕೆಳಗೆಳೆದಾಗ

ಏಳನೇ ತರಗತಿ ಮಕ್ಕಳ ಗಣಿತ ಮತ್ತು ಕನ್ನಡ ಓದು ಎರಡನ್ನೂ ಒಂದೇ ಪರೀಕ್ಷೆಯಲ್ಲಿ ಅಳೆದು, ಅಂಕ ಲೆಕ್ಕಹಾಕುವ ಕೆಲಸ ನನ್ನದು. ಕೂರುವುದು ದಾವಣಗೆರೆಯಲ್ಲಿ. ಉತ್ತರಪತ್ರಿಕೆಗಳು ಬರುವುದು ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ.

ಒಮ್ಮೆ ಮೊಳಕಾಲ್ಮೂರು ಕಡೆಯ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಈ ಹುಡುಗಿ ಲೆಕ್ಕದಲ್ಲಿ ಶಾಲೆಗೇ ಮುಂದು. ನಿಮ್ಮ ವರದಿಯಲ್ಲಿ ಸಾಧಾರಣ ಅಂತ ಯಾಕಿದೆ?" ಆ ವರದಿ ನೋಡಿಯೇ ಗಣಿತ ಶಿಬಿರಕ್ಕೆ ಮಕ್ಕಳನ್ನು ಆರಿಸಿದ್ದರು, ಅವಳ ಹೆಸರು ಬಿಟ್ಟುಹೋಗಿತ್ತು.

ಪತ್ರಿಕೆ ತೆಗೆದು ನೋಡಿದೆ. ಮನೆಮಾತು ತೆಲುಗು. ಓದಿನ 12 ಪ್ರಶ್ನೆಯಲ್ಲಿ 3 ಸರಿ, ಗಣಿತದ 12ರಲ್ಲಿ 11 ಸರಿ. ತಪ್ಪಿದ್ದು ಒಂದೇ: 45 ಚೀಲ ಶೇಂಗಾದಲ್ಲಿ 18 ಮಾರಿ, ಉಳಿದದ್ದನ್ನು ಮೂವರು ಸಮನಾಗಿ ಹಂಚಿಕೊಂಡರೆ ಒಬ್ಬರಿಗೆ ಎಷ್ಟು? ಅವಳು 45ನ್ನು 3ರಿಂದ ಅಚ್ಚುಕಟ್ಟಾಗಿ ಭಾಗಿಸಿ 15 ಎಂದು ಬರೆದಿದ್ದಳು. 'ಉಳಿದದ್ದು' ಅರ್ಥವಾಗಿರಲಿಲ್ಲ, ಭಾಗಾಕಾರ ಚೆನ್ನಾಗಿಯೇ ಬರುತ್ತಿತ್ತು.

ತಪ್ಪು ನಾವು ಆರಿಸಿದ ವಿಧಾನದ್ದು. ಬೇಸಿಯನ್ ಅಂದಾಜು, ಅಂದರೆ ಮಗುವಿನ ಉತ್ತರಗಳ ಜೊತೆಗೆ ಒಟ್ಟು ಮಕ್ಕಳ ಬಗ್ಗೆ ಗೊತ್ತಿರುವುದನ್ನೂ ಸೇರಿಸಿ ಹಾಕುವ ಲೆಕ್ಕ, ಪ್ರತಿ ಮಗುವನ್ನೂ ಸರಾಸರಿಯ ಕಡೆಗೆ ಸ್ವಲ್ಪ ಎಳೆಯುತ್ತದೆ. ಎರಡು ಸಾಮರ್ಥ್ಯಗಳ ನಡುವೆ ಸಹಸಂಬಂಧ ಹೆಚ್ಚಿದ್ದರೆ, ಅಂದರೆ ಒಂದರಲ್ಲಿ ಮುಂದಿರುವವರು ಸಾಮಾನ್ಯವಾಗಿ ಇನ್ನೊಂದರಲ್ಲೂ ಮುಂದಿದ್ದರೆ, ಓದಿನ ಅಂಕವೂ ಗಣಿತದ ಅಂಕವನ್ನು ತನ್ನತ್ತ ಜಗ್ಗುತ್ತದೆ. ಪ್ರಶ್ನೆ ಕಡಿಮೆಯಿದ್ದಷ್ಟೂ ಈ ಜಗ್ಗಾಟ ಜೋರು. ಎಲ್ಲ ಮಕ್ಕಳನ್ನೂ ಒಟ್ಟಿಗೆ ನೋಡಿದರೆ ದೋಷ ಕಡಿಮೆಯಾಗುತ್ತದೆ, ಹಾಗಾಗಿ ನಾನು ಈ ವಿಧಾನವನ್ನು ನಂಬಿಕೊಂಡಿದ್ದೆ. ಆದರೆ ಒಂದರಲ್ಲಿ ಮುಂದಿದ್ದು ಇನ್ನೊಂದರಲ್ಲಿ ಹಿಂದಿರುವ ಮಗುವಿಗೆ ಅನ್ಯಾಯವಾಗುತ್ತದೆ. ಗಡಿಭಾಗದ ಶಾಲೆಗಳಲ್ಲಿ ಇಂಥ ಮಕ್ಕಳು ಎಷ್ಟೋ ಇದ್ದಾರೆ.

ಎಳೆತವನ್ನು ಪೂರ್ತಿ ಬಿಟ್ಟು ಸಾಮಾನ್ಯ ಗರಿಷ್ಠ ಸಂಭಾವ್ಯತೆಯ ಅಂದಾಜು (ಮಗುವಿನ ಉತ್ತರಗಳಿಗೆ ಅತಿ ಹೆಚ್ಚು ಹೊಂದುವ ಸಾಮರ್ಥ್ಯವನ್ನೇ ಅಂಕವಾಗಿ ಕೊಡುವುದು) ಹಾಕಿದರೆ ತಪ್ಪು ಹೊರಮುಖವಾಗುತ್ತದೆ: ಮೇಲಿನವರು ಇನ್ನೂ ಮೇಲೆ, ಕೆಳಗಿನವರು ಇನ್ನೂ ಕೆಳಗೆ. ಎಲ್ಲವೂ ಸರಿಯಾದ ಮಗುವಿಗಂತೂ ಅಂದಾಜು ಅನಂತಕ್ಕೆ ಓಡುತ್ತದೆ. 1989ರಲ್ಲಿ ವಾರ್ಮ್ ಎಂಬ ಸಂಶೋಧಕರು ಕೊಟ್ಟ ತೂಕದ ತಿದ್ದುಪಡಿ ಹೀಗೆ ಹೊರಕ್ಕೆ ವಾಲುವುದನ್ನು ಬಹುಮಟ್ಟಿಗೆ ಕಳೆಯುತ್ತದೆ. ಅದನ್ನು ಹಲವು ಸಾಮರ್ಥ್ಯಗಳಿಗೂ ವಿಸ್ತರಿಸಬಹುದು. ನಾವು ಅದನ್ನೇ ಹಾಕಿದೆವು, ಓದಿ ಅರ್ಥಮಾಡಿಕೊಳ್ಳುವುದೂ ಬೇಕಾದ ಶೇಂಗಾ ಲೆಕ್ಕವನ್ನು ಗಣಿತ ಮತ್ತು ಓದು ಎರಡಕ್ಕೂ ಸೇರಿಸಿದೆವು. ಬೇಸಿಯನ್ ಅಂದಾಜಿಗಿಂತ ಅನಿಶ್ಚಿತತೆ ಹೆಚ್ಚಾಗಿ ಕಂಡಿತು, ಅದನ್ನು ವರದಿಯಲ್ಲೇ ಅಂಕದ ಪಕ್ಕ ಅಚ್ಚು ಹಾಕುತ್ತೇವೆ.

ಹುಡುಗಿಯ ಗಣಿತದ ಅಂಕ ಮೇಲೆ ಬಂತು, ಹೆಸರು ಪಟ್ಟಿಗೆ ಸೇರಿತು. ಓದಿನ ಅಂಕ ಕೆಳಗೇ ಉಳಿಯಿತು. ಅದು ನಿಜ ಎಂದು ಮೇಷ್ಟ್ರಿಗೂ ಗೊತ್ತಿತ್ತು. ಮಧ್ಯಾಹ್ನದ ಊಟದ ಮೇಲೆ ದಿನಾ ಅರ್ಧ ಗಂಟೆ ಅವಳ ಜೊತೆ ಕೂತು ಓದಿಸುತ್ತಿದ್ದಾರೆ.