ಸಂಗೀತ ಕಛೇರಿ ರೆಕಾರ್ಡಿಂಗ್: ಮೈಕ್ ಆಯ್ಕೆ ಎಲ್ಲಿವರೆಗೆ ಬಂತು

ಈ ಸಲ ಚೀಲದಲ್ಲಿ ಎರಡು ಜೋಡಿ ಮೈಕ್ ಇಟ್ಟುಕೊಂಡಿದ್ದೇನೆ. ಒಂದು ಓಮ್ನಿ, ಅಂದರೆ ಎಲ್ಲ ದಿಕ್ಕಿನ ಸದ್ದನ್ನೂ ಒಂದೇ ಸಮ ಹಿಡಿಯುವುದು. ಇನ್ನೊಂದು ಕಾರ್ಡಿಯಾಯ್ಡ್, ಅಂದರೆ ಮುಂದಿನದನ್ನು ಹೆಚ್ಚು ಹಿಡಿದು ಹಿಂದಿನದನ್ನು ಬಿಡುವುದು. ಮನೆಯ ಹಜಾರದಲ್ಲಿ ಸ್ಪೀಕರ್ ಇಲ್ಲದೆ ನಡೆಯುವ ಕಛೇರಿಗೂ ರಾಮನವಮಿ ಪೆಂಡಾಲ್‌ಗೂ ಒಂದೇ ಜೋಡಿ ಸಾಲುವುದಿಲ್ಲ ಅಂತ ಈಗ ಖಾತ್ರಿಯಾಗಿದೆ.

ಮನೆ ಕಛೇರಿಗೆ ಪ್ರಿಮೊ ಇಎಂ272 ಕ್ಯಾಪ್ಸೂಲ್ (ಮೈಕಿನೊಳಗೆ ಸದ್ದು ಹಿಡಿಯುವ ಪುಟ್ಟ ಭಾಗ) ಹಾಕಿದ ಓಮ್ನಿ ಜೋಡಿ. ಇದರ ಆಯ್ಕೆಗೆ ಒಂದೇ ಕಾರಣ, ಮೈಕಿನ ಸ್ವಂತ ಸದ್ದು ತೀರಾ ಕಡಿಮೆ: ಸುಮಾರು 14 ಡೆಸಿಬೆಲ್. ಇದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಡಿಪಿಎ 4060 ಅನ್ನುವ ಪುಟ್ಟ ಓಮ್ನಿ ಮೈಕಿನಲ್ಲಿ ಅದು 23. ಡಿಪಿಎ ಕೆಟ್ಟದ್ದು ಅಂತ ಅಲ್ಲ. ಅದರ ಕ್ಯಾಪ್ಸೂಲಿನ ಅಗಲ 5.4 ಮಿಲಿಮೀಟರ್, ಪ್ರಿಮೊದು 10. ಕ್ಯಾಪ್ಸೂಲ್ ಚಿಕ್ಕದಾದಷ್ಟೂ ಸ್ವಂತ ಸದ್ದು ಹೆಚ್ಚುತ್ತದೆ. ರಾಕ್ ಕಛೇರಿಯ ಅಬ್ಬರ ತಡೆಯೋಕೆ ಡಿಪಿಎ ಚೆನ್ನ. ಆದರೆ ಗಾಯಕಿ ಮಂದ್ರದಲ್ಲಿ ಆಲಾಪನೆ ಶುರು ಮಾಡಿದಾಗ, ತಂಬೂರಿ ಬಿಟ್ಟರೆ ಬೇರೇನೂ ಕೇಳದ ಆ ಹೊತ್ತಿನಲ್ಲಿ, ಹಿಂದೆ ಬರುವ ಸಣ್ಣ ‘ಸ್ಸ್’ ನನಗೆ ಸಹಿಸೋಕಾಗಲ್ಲ. ಓಮ್ನಿಗೆ ಇನ್ನೊಂದು ಗುಣವಿದೆ. ದೂರದಿಂದಲೂ ತಗ್ಗಿನ ನಾದ ಸೊರಗುವುದಿಲ್ಲ. ಮೃದಂಗದ ಎಡಭಾಗದ ‘ಗುಂ’ ಅನ್ನುವ ಗುಮ್ಕಿ ಹಾಗೇ ತುಂಬಿಕೊಂಡು ಬರುತ್ತದೆ. ಎರಡು ಮೈಕುಗಳ ನಡುವೆ 40 ಸೆಂಟಿಮೀಟರ್ ಬಿಟ್ಟರೆ ಪಿಟೀಲು, ಮೃದಂಗ ತಮ್ಮ ತಮ್ಮ ಕಡೆ ಕೂರುತ್ತವೆ. ಮೈಕಿಗೆ ಬೇಕಾದ ವಿದ್ಯುತ್ತಿಗೆ ರೆಕಾರ್ಡರ್‌ನ ಮೈಕ್ ಜ್ಯಾಕಿನಲ್ಲೇ ಬರುವ ಪ್ಲಗ್-ಇನ್ ಪವರ್ ಸಾಕು.

ಸ್ಪೀಕರ್ ಹಾಕುವ ಸಂಗೀತ ಸಭೆ, ಪೆಂಡಾಲ್‌ಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಸ್ವಂತ ಸದ್ದಿನ ಚಿಂತೆಯೇ ಇಲ್ಲ, ಸ್ಪೀಕರ್ ಅದನ್ನು ಮುಚ್ಚಿಹಾಕುತ್ತದೆ. ಕಾಡೋದು ಗೋಡೆಗಳ ಮಾರ್ದನಿ, ಹಿಂದಿನ ಸಾಲಿನ ಮಾತು, ಪೆಂಡಾಲ್ ಆದರೆ ರಸ್ತೆ. ಓಮ್ನಿ 6 ಮೀಟರ್‌ನಲ್ಲಿ ಕೊಡುವ ಸ್ಪಷ್ಟತೆಯನ್ನು ಕಾರ್ಡಿಯಾಯ್ಡ್ ಸುಮಾರು 10 ಮೀಟರ್‌ನಲ್ಲೂ ಕೊಡುತ್ತದೆ. ಪ್ರೇಕ್ಷಕರ ನಡುವೆ ಕೂರುವವರಿಗೆ ಇದು ದೊಡ್ಡ ಅನುಕೂಲ. ಇನ್ನಷ್ಟು ಕಿರಿದಾಗಿ ಮುಂದಕ್ಕೇ ಕೇಳುವ ಹೈಪರ್‌ಕಾರ್ಡಿಯಾಯ್ಡ್ ಮೈಕ್ ಇನ್ನೂ ದೂರ ಹೋಗಬಲ್ಲದು, ಆದರೆ ಅದು ನೇರ ಹಿಂದಿನ ಸದ್ದನ್ನೂ ಸ್ವಲ್ಪ ಎಳೆದುಕೊಳ್ಳುತ್ತದೆ. ಬೆನ್ನ ಹಿಂದೆಯೇ ಬಸ್ಸು ಓಡಾಡುವ ಕಡೆ ಬೇಡವೇ ಬೇಡ.

ಪಕ್ಕದಲ್ಲಿ ತೊಡೆ ತಟ್ಟಿ ತಾಳ ಹಾಕುವ ರಸಿಕರಿದ್ದೇ ಇರುತ್ತಾರೆ, ಇರಲೂಬೇಕು. ಕಾರ್ಡಿಯಾಯ್ಡ್ ಪಕ್ಕದ ಸದ್ದನ್ನು ಇಳಿಸೋದು ಬರೀ 6 ಡೆಸಿಬೆಲ್. ಅದಕ್ಕೇ ಸ್ಟೀರಿಯೊಗೆ ಎಲ್ಲರೂ ಹೇಳುವ ಓಆರ್‌ಟಿಎಫ್ ಜೋಡಣೆ, ಅಂದರೆ ಎರಡು ಮೈಕುಗಳ ನಡುವೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ, ನನ್ನ ಸೀಟಿಗೆ ಹೊಂದುವುದಿಲ್ಲ. 6 ಮೀಟರ್ ಅಗಲದ ವೇದಿಕೆ 10 ಮೀಟರ್ ದೂರದಿಂದ ಸುಮಾರು 33 ಡಿಗ್ರಿಯಷ್ಟೇ. ಮೈಕುಗಳನ್ನು ಅಷ್ಟು ತೆರೆದರೆ ಅವು ವೇದಿಕೆ ಬಿಟ್ಟು ಅಕ್ಕಪಕ್ಕದವರನ್ನೇ ಕೇಳುತ್ತವೆ. ಕೋನ ಕಿರಿದು ಮಾಡಿ ಮೈಕುಗಳನ್ನು ಸ್ಪೀಕರ್‌ಗಳ ಕಡೆ ತಿರುಗಿಸಿ, ಅಂತರವನ್ನು 30 ಸೆಂಟಿಮೀಟರ್‌ಗೆ ಹೆಚ್ಚಿಸಿದ್ದೇನೆ. ಸಾಹಿತ್ಯ ಈಗ ಅಕ್ಷರ ಅಕ್ಷರ ಕೇಳುತ್ತದೆ. ಸೀಟು ಮಾತ್ರ ಎರಡು ಸ್ಪೀಕರ್‌ಗಳ ನಟ್ಟನಡುವೆ ಇರಬೇಕು. ಒಂದು ಕಡೆ ಸರಿದರೆ ಇಡೀ ಕಛೇರಿ ಆ ಕಡೆಗೇ ವಾಲುತ್ತದೆ.

ಸ್ಟ್ಯಾಂಡ್ ತಲೆಗಳಿಗಿಂತ ಎತ್ತರ ಹೋಗುತ್ತದೆ, ಹಿಂದಿನವರಿಗೆ ಅಡ್ಡ ಬರುತ್ತದೆ. ಹಾಗಾಗಿ ಕಲಾವಿದರನ್ನೂ ಸಭೆಯವರನ್ನೂ ಮೊದಲೇ ಕೇಳಿ, ಅವರು ತೋರಿಸಿದ ಜಾಗದಲ್ಲೇ ನಿಲ್ಲಿಸುತ್ತೇನೆ. ಬೇಡ ಅಂದರೆ ರೆಕಾರ್ಡರ್ ಚೀಲದಿಂದ ಹೊರಗೆ ಬರುವುದಿಲ್ಲ. ಹಾಡುವವರ ಹಾಡು ಅವರದು, ಅಲ್ವಾ?

ಲೆವೆಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 24 ಬಿಟ್‌ನಲ್ಲಿ, ಮೃದಂಗದ ತನಿ ಆವರ್ತನದ ಜೋರು ಹೊಡೆತವೂ ರೆಕಾರ್ಡರ್‌ನ ಮೀಟರ್‌ನಲ್ಲಿ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಇಟ್ಟರೆ ಆಯಿತು.

ಉಳಿದಿರುವುದು ಗಾಳಿ. ಪೆಂಡಾಲ್‌ನ ದೊಡ್ಡ ಫ್ಯಾನ್‌ಗಳ ಎದುರು ಕಾರ್ಡಿಯಾಯ್ಡ್ ಜೋಡಿ ಗುಡುಗುಡು ಅನ್ನುತ್ತದೆ, ಓಮ್ನಿಗೆ ಅಷ್ಟಿಲ್ಲ. ಸ್ಪಂಜಿನ ಟೋಪಿ ಸಾಕಾಗಲಿಲ್ಲ. ತುಪ್ಪಳದ ಟೋಪಿ ತರಿಸಿದ್ದೇನೆ. ಅದು ಪಿಟೀಲಿನ ಮೇಲಿನ ನಾದವನ್ನು ಎಷ್ಟು ನುಂಗುತ್ತದೆ ಅಂತ ಈ ವಾರ ಮನೆಯಲ್ಲೇ ಟೇಬಲ್ ಫ್ಯಾನ್ ಇಟ್ಟು ನೋಡಬೇಕು.